ಅರಿಶಿನ ತಾಗಿದ ಲೇಸು

ನನ್ನ ಮಗಳಿಗೆ ಹೆಸರಿಡುವ ದಿನ ತೊಡಿಸಲೆಂದು ನನ್ನ ಅತ್ತೆ ಇಂಗ್ಲೆಂಡಿನಿಂದ ಒಂದು ಬಿಳಿ ಅಂಗಿ ತಂದಿದ್ದರು. ಅದನ್ನು ಸೂಟ್‌ಕೇಸಿಗೆ ಹಾಕಲು ಅವರಿಗೆ ಮನಸ್ಸು ಬಂದಿರಲಿಲ್ಲ. ತೆಳು ಕಾಗದದಲ್ಲಿ ಸುತ್ತಿ, ವಿಮಾನದಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದರು. ಟೆಕ್ಸಾಸಿನ ಲಿಯಾಂಡರ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟಾಗ ನನಗೆ ಮುಟ್ಟಲು ಹೆದರಿಕೆಯಾಯಿತು. ಅಂಗಿಯೇನೋ ಸಾದಾ ಹತ್ತಿಯದು. ಆದರೆ ಅದರ ಕೆಳ ಅಂಚಿಗೆ, ತೋಳಿಗೆ, ಕುತ್ತಿಗೆಗೆ ರೇಷ್ಮೆ ನೂಲಿನ ಲೇಸು ಹಚ್ಚಿದ್ದರು. ಸಣ್ಣ ಹೂವು, ಸಣ್ಣ ಎಲೆ, ನಡುವೆಲ್ಲ ಜೇಡರ ಬಲೆಯಂಥ ಜಾಲರಿ. ನಾನು ಬಸುರಿಯೆಂದು ತಿಳಿದ ವಾರವೇ ಅದನ್ನು ಹೆಣೆಯಲು ಕೂತಿದ್ದರಂತೆ.

ನನ್ನ ಗಂಡ ಇಂಗ್ಲೆಂಡಿನವನು. ನಾನು ಹ್ಯೂಸ್ಟನ್ನಿನಲ್ಲಿ ಎಂ.ಎಸ್. ಓದುವಾಗ ಅವನೂ ಅಲ್ಲೇ ಓದುತ್ತಿದ್ದ. ಮದುವೆಯಾಗಿ, ಇಬ್ಬರಿಗೂ ಆಸ್ಟಿನ್ನಿನಲ್ಲಿ ಕೆಲಸ ಸಿಕ್ಕ ಮೇಲೆ ಲಿಯಾಂಡರ್‌ನಲ್ಲಿ ಮನೆ ಮಾಡಿದೆವು. ಅತ್ತೆ ಇಂಗ್ಲೆಂಡಿನ ನಡುಭಾಗದ ಒಂದು ಹಳ್ಳಿಯವರು. ಮಾವ ತೀರಿಕೊಂಡ ಮೇಲೂ ಅಲ್ಲಿಯೇ ಇದ್ದಾರೆ. ಮೊದಲ ಸಲ ಭೇಟಿಯಾದಾಗಲೇ, ‘ನನ್ನನ್ನು ಹೆಸರು ಹಿಡಿದು ಕರೆ’ ಎಂದಿದ್ದರು. ಅತ್ತೆಯನ್ನು ಹೆಸರು ಹಿಡಿದು ಕರೆಯಲು ನನಗೆ ಬಾಯಿ ಬರಲಿಲ್ಲ. ಹೀಗಾಗಿ ಅವರನ್ನು ಏನೂ ಕರೆಯದೆ, ಎದುರಿಗೆ ಹೋಗಿ ನಿಂತೇ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದೆ.

ಅವರು ಬರುವ ಮೊದಲೇ ನನ್ನ ಅವ್ವ ಬಾಣಂತನಕ್ಕೆಂದು ಬಂದಿದ್ದಳು. ಅವ್ವ ಗದಗ ಕಡೆಯ ಹಳ್ಳಿಯವಳು. ನನ್ನ ಅಣ್ಣನ ಮನೆಯ ತುಂಬಿದ ಸಂಸಾರವನ್ನು ಅತ್ತಿಗೆಗೆ ಒಪ್ಪಿಸಿ, ಮೊದಲ ಸಲ ವಿಮಾನ ಹತ್ತಿ, ಅಂಟಿನುಂಡಿಯ ಡಬ್ಬಿಗಳನ್ನು ಹೊತ್ತು ಬಂದವಳು. ಬಂದ ಮಾರನೆಯ ದಿನದಿಂದಲೇ ಮನೆ ಅವಳ ಕೈಗೆ ಹೋಯಿತು. ನನಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಲೋಬಾನದ ಹೊಗೆ ಹಾಕಿ ಮನೆಯ ಹೊಗೆ-ಅಲಾರಂ ಹೊಡೆಸುತ್ತಿದ್ದಳು. ಅದು ಕೂಗಿದಾಗಲೆಲ್ಲ ಟವೆಲ್ ಬೀಸುತ್ತ ಅದನ್ನೇ ಬಯ್ಯುತ್ತಿದ್ದಳು. ನಾನೂ ನನ್ನ ಗಂಡನೂ ನಗುತ್ತಿದ್ದೆವು. ಅತ್ತೆ ಬರುವ ತನಕ ಇದೆಲ್ಲ ಚೆನ್ನಾಗಿಯೇ ಇತ್ತು.

ಅತ್ತೆ ಬಂದ ಮೇಲೆ ನಾನು ಅವ್ವನನ್ನು ಅವರ ಕಣ್ಣಿನಿಂದ ನೋಡಲು ಶುರು ಮಾಡಿದೆ. ನಿಜ ಹೇಳಬೇಕೆಂದರೆ, ಅವರ ಕಣ್ಣು ಹಾಗೆ ನೋಡುತ್ತಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವ್ವ ಫೋನಿನಲ್ಲಿ ಊರಿನವರ ಜೊತೆ ಗಟ್ಟಿಯಾಗಿ ಮಾತಾಡಿದರೆ ಬಾಗಿಲು ಹಾಕುತ್ತಿದ್ದೆ. ಉಂಡಾದ ಮೇಲೆ ತೇಗಿದರೆ ಕಣ್ಣು ಬಿಡುತ್ತಿದ್ದೆ. ಸಾರು ಅನ್ನ ಕಲಸಿ ಉಣ್ಣುವಾಗ ಅವಳ ಅಂಗೈಗೆ ಸಾರು ಹತ್ತುತ್ತಿತ್ತು. ಚಿಕ್ಕಂದಿನಲ್ಲಿ ಅದೇ ಕೈಯಿಂದ ತುತ್ತು ತಿಂದವಳು ನಾನು. ಈಗ ಅದನ್ನು ನೋಡಿದರೆ ಮೈಯೆಲ್ಲ ಮುದುಡುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವ್ವ ಅಲ್ಲೇ ಕೂತು ಮೆಂತ್ಯ ಸೋಸುತ್ತಿದ್ದಳು.

"ಏನೂ ಅಂದುಕೊಳ್ಳಬೇಡಿ. ಅವಳು ಹಳ್ಳಿಯವಳು."

ಅತ್ತೆ ತಮ್ಮ ಚಹಾದ ಕಪ್ಪು ಕೆಳಗಿಟ್ಟು, "ನಾನೂ ಹಳ್ಳಿಯವಳೇ" ಎಂದರು. ಅಷ್ಟೇ ಹೇಳಿ, ಬಿಸಿಲು ಇವತ್ತು ಸ್ವಲ್ಪ ಕಡಿಮೆಯಿದೆಯಲ್ಲವೇ ಎಂದು ಕಿಟಕಿಯ ಕಡೆ ತಿರುಗಿದರು. ಮಾತು ಎಲ್ಲಾದರೂ ಇರುಸುಮುರುಸಾದರೆ ಹವಾಮಾನಕ್ಕೆ ಹೋಗುವುದು ಅವರ ಪದ್ಧತಿ.

ಅವರಿಗೂ ತಮ್ಮದೇ ರೀತಿಗಳಿದ್ದವು. ಟೀ ಬ್ಯಾಗುಗಳನ್ನು ಊರಿನಿಂದಲೇ ತಂದಿದ್ದರು. ಪಾತ್ರೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ನೊರೆ ಇದ್ದ ಹಾಗೆಯೇ ಬಟ್ಟೆಯಿಂದ ಒರೆಸಿ ಇಟ್ಟುಬಿಡುತ್ತಿದ್ದರು. ಒದ್ದೆ ಬಟ್ಟೆಗಳನ್ನು ಹಿತ್ತಲ ಪೊದೆಗಳ ಮೇಲೆ ಹರವುತ್ತಿದ್ದರು. ನಮ್ಮ ಬಡಾವಣೆಯಲ್ಲಿ ಬಟ್ಟೆಯನ್ನು ಹಾಗೆ ಹೊರಗೆ ಹಾಕುವಂತಿಲ್ಲ. ಅದನ್ನೆಲ್ಲ ನಾನು ನನ್ನ ಆಫೀಸಿನ ಗೆಳತಿಯರಿಗೆ ಫೋನ್ ಮಾಡಿ ಮುದ್ದಿನಿಂದ ಹೇಳುತ್ತಿದ್ದೆ. ಅವ್ವ ಮಾಡಿದ್ದರೆ ಅದನ್ನೇ ಮುಚ್ಚಿಡುತ್ತಿದ್ದೆ.

ಬೆಳಗಿನ ಹೊತ್ತು ಅತ್ತೆ ಮನೆಯ ಹಿಂದಿನ ಕಲ್ಲುಹಾಸಿನ ಪ್ಯಾಟಿಯೋದಲ್ಲಿ ಲೇಸು ಹೆಣೆಯುತ್ತಿದ್ದರು. ಗಟ್ಟಿಯಾಗಿ ತುಂಬಿದ ಒಂದು ದುಂಡು ದಿಂಬು, ಅದರ ಮೇಲೆ ಚುಚ್ಚಿದ ಗುಂಡುಸೂಜಿಗಳು, ಅವುಗಳಿಂದ ಇಳಿಬಿದ್ದ ನೂಲುಗಳು. ಪ್ರತಿ ನೂಲಿನ ತುದಿಗೂ ಪೆನ್ಸಿಲಿಗಿಂತ ತೆಳುವಾದ ಮರದ ಕಡ್ಡಿ, ಕಡ್ಡಿಯ ಬುಡಕ್ಕೆ ಗಾಜಿನ ಮಣಿಗಳು. ಕಡ್ಡಿಗಳನ್ನು ಒಂದರ ಮೇಲೊಂದು ದಾಟಿಸಿ, ತಿರುಚಿ, ಸೂಜಿ ಚುಚ್ಚಿ ಮುಂದೆ ಹೋಗುವುದು. ಹೊರಗಿನಿಂದ ಕಟಕಟ ಸದ್ದು ಬರುತ್ತಿತ್ತು. ಅವ್ವ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಅವರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಆಗಾಗ ಅತ್ತೆ ಹೆಣೆದಷ್ಟನ್ನು ಬೆರಳಿನಿಂದ ತೋರಿಸುವರು. ಅವ್ವ, "ಚಲೋ ಆಗೇತ್ರಿ" ಎನ್ನುವಳು. ಅತ್ತೆ "ಥ್ಯಾಂಕ್ಯೂ" ಎನ್ನುವರು.

ನಾಮಕರಣ ಶನಿವಾರ ಎಂದು ಗೊತ್ತಾಗಿತ್ತು. ದೊಡ್ಡದೇನೂ ಅಲ್ಲ. ಅವ್ವನ ಇಚ್ಛೆಯಂತೆ ತೊಟ್ಟಿಲಿಗೆ ಹಾಕುವುದು, ಅತ್ತೆಯ ಅಂಗಿ ತೊಡಿಸುವುದು, ಆಮೇಲೆ ಊಟ. ನನ್ನ ಗಂಡನ ಅಣ್ಣ ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿದ್ದಾನೆ. ಅತ್ತೆ ಮತ್ತು ನನ್ನ ಗಂಡ ಗುರುವಾರ ಅವನ ಮನೆಗೆ ಹೋಗಿ ಇದ್ದು, ಮಾರನೆಯ ದಿನ ಎಲ್ಲರೂ ಕೂಡಿ ಬರುವುದೆಂದು ಮಾತಾಯಿತು. ಮನೆಯಲ್ಲಿ ನಾನು, ಅವ್ವ, ಕೂಸು ಉಳಿದೆವು.

ಶುಕ್ರವಾರ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಂಗಿ ಮೇಜಿನ ಮೇಲಿತ್ತು. ಅವ್ವ ಪಕ್ಕದಲ್ಲಿ ಒಂದು ಬಟ್ಟಲು ಹಿಡಿದು ನಿಂತಿದ್ದಳು. ಕೆಳ ಅಂಚಿನ ಲೇಸಿನ ಮೇಲೆ, ಎರಡೂ ಬದಿಗೆ, ಹೆಬ್ಬೆರಳಿನಷ್ಟು ಅಗಲಕ್ಕೆ ಹಳದಿ ಹರಡಿತ್ತು.

"ಏನ್ ಮಾಡಿದಿ ಅವ್ವಾ ಇದು?"

"ಯಾಕ? ಹೊಸಾ ಅರಿವಿ ಹಂಗ ಹಾಕಬಾರ್ದವ್ವಾ ಕೂಸಿಗೆ. ಅದೂ ಬರೇ ಬಿಳೀದು. ತುದೀಗೆ ಒಂದೀಟು ಅರಿಷಿಣ ಹಚ್ಚೇನಿ."

ನಮ್ಮಲ್ಲಿ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ಯಾರೂ ತೊಡುವುದಿಲ್ಲ. ನನ್ನ ಶಾಲೆಯ ಅಂಗಿಗಳಿಗೆ, ನಾನು ಇಂಟರ್‌ವ್ಯೂಗೆ ಹಾಕಿಕೊಂಡು ಹೋದ ಮೊದಲ ಪ್ಯಾಂಟಿನ ಮಡಿಕೆಗೆ ಕೂಡ ಅವಳು ಹಚ್ಚಿದ್ದಳು. ಅದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ನಾನು ಒದರಿದೆ.

"ನಿನಗ ಯಾರು ಮುಟ್ಟು ಅಂದಿದ್ರು? ಇದೇನು ನಿಮ್ಮೂರ ಸಂತ್ಯಾಗ ತಂದ ಅರಿವಿ ಅಂತ ತಿಳಿದೀಯೇನು? ಅವರು ಬಂದು ನೋಡಿದ್ರ ನಾ ಏನ್ ಹೇಳ್ಲಿ? ನಮ್ಮ ಮಂದಿ ಹಿಂಗಽ ಅಂತ ಹೇಳ್ಲೇನು?"

ನಿಮ್ಮೂರು ಎಂದಿದ್ದೆ. ಹದಿನೇಳು ವರ್ಷ ನಾನು ಬೆಳೆದ ಊರು ಅದು.

ಅವ್ವ ಬಟ್ಟಲನ್ನು ಕೆಳಗಿಟ್ಟಳು. "ಅರಿಷಿಣ ಅಲ್ಲೇನವ್ವಾ," ಎಂದಳು. "ಹೊಲಸೇನಲ್ಲಲ್ಲ."

ನಾನು ಅಂಗಿಯನ್ನು ಕಿತ್ತುಕೊಂಡು ಸಿಂಕಿಗೆ ಒಯ್ದು ಸೋಪು ಹಚ್ಚಿದೆ. ಹಳದಿ ಕಲೆ ಕಣ್ಣೆದುರೇ ಕೆಂಪಾಯಿತು. ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತದೆ ಎನ್ನುವುದು ಆ ಗಳಿಗೆಯಲ್ಲಿ ತಲೆಗೆ ಹೊಳೆಯಲಿಲ್ಲ. ರಕ್ತ ಹತ್ತಿದ ಹಾಗೆ ಕಂಡು ಇನ್ನೂ ಜೋರಾಗಿ ತಿಕ್ಕಿದೆ. ಅವ್ವ ಹಿಂದೆ ನಿಂತು, "ತಿಕ್ಕಬ್ಯಾಡ, ಹರೀತೈತಿ" ಎನ್ನುತ್ತಿದ್ದಳು. ನಾನು ಲಾಂಡ್ರಿ ಕೋಣೆಗೆ ಹೋಗಿ, ಬಕೆಟ್ಟಿಗೆ ಬ್ಲೀಚ್ ಸುರಿದು, ಸ್ವಲ್ಪವೇ ನೀರು ಬೆರೆಸಿ, ಅಂಗಿಯನ್ನು ಅದರಲ್ಲಿ ಮುಳುಗಿಸಿದೆ. ಡಬ್ಬಿಯ ಮೇಲೆ ಏನು ಬರೆದಿದೆಯೆಂದು ಓದಲೂ ಇಲ್ಲ. ಅಷ್ಟರಲ್ಲಿ ಕೂಸು ಅತ್ತಿತು. ಹಾಲು ಕುಡಿಸಲು ಹೋದವಳು ಹಾಗೆಯೇ ಅದರ ಜೊತೆ ಒರಗಿ ನಿದ್ದೆ ಹೋದೆ.

ಎದ್ದು ಬಂದು ಬಕೆಟ್ಟಿನಿಂದ ಎತ್ತಿದಾಗ ಹತ್ತಿಯ ಅಂಗಿ ಹಾಗೆಯೇ ಇತ್ತು, ಕಲೆ ಹೋಗಿತ್ತು. ಲೇಸು ಮಾತ್ರ ಅಂಟಂಟಾಗಿ ಬೆರಳಿಗೆ ಬಂತು. ಹಿಂಡಿದರೆ ಒಂದು ಹೂವು, ಅರ್ಧ ಎಲೆ, ಬಿಡಿಬಿಡಿಯಾಗಿ ಉದುರಿ ಸಿಂಕಿನ ತೂತಿನ ಹತ್ತಿರ ಹೋಗಿ ನಿಂತಿತು. ರೇಷ್ಮೆ ಬ್ಲೀಚಿನಲ್ಲಿ ಕರಗುತ್ತದಂತೆ. ಆಮೇಲೆ ಫೋನಿನಲ್ಲಿ ನೋಡಿ ತಿಳಿದುಕೊಂಡೆ.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಸಿಂಕಿನಲ್ಲಿದ್ದ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈ ಮೇಲೆ ಹಾಕಿಕೊಂಡಳು.

ಸಂಜೆ ಅವರ ಕಾರು ಬಂದಿತು. ಹೇಳಬೇಕಾದ ಮಾತನ್ನು ಮಧ್ಯಾಹ್ನದಿಂದ ಬಾಯಲ್ಲಿ ತಿರುವಿ ತಿರುವಿ ಇಟ್ಟುಕೊಂಡಿದ್ದೆ. ಅತ್ತೆ ಒಳಗೆ ಬಂದು ಚಪ್ಪಲಿ ಬಿಡುತ್ತಿದ್ದರು. ಅವರ ಹಿಂದೆ ನನ್ನ ಗಂಡ, ಅವನ ಅಣ್ಣ, ಅಣ್ಣನ ಹೆಂಡತಿ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಎದುರಿಗೆ ಬಂದಳು. ಮಡಿಚಿದ ಅಂಗಿ ಅವಳ ಎರಡೂ ಕೈಯಲ್ಲಿತ್ತು. ತನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಕೂಡಿಸಿ ಹೇಳಿದಳು.

"ಐ ವಾಶ್. ಮೈ ಮಿಸ್ಟೇಕ್. ಸಾರಿ."

ಅತ್ತೆ ಅಂಗಿಯನ್ನು ತೆಗೆದುಕೊಂಡು ಬಿಡಿಸಿದರು. ಅಂಚಿಗೆ ಅಂಟಿದ್ದ ಚೂರುಗಳನ್ನು ನೋಡಿದರು. ಅವರ ಕುತ್ತಿಗೆಯ ಕೆಂಪು ಗಲ್ಲಕ್ಕೇರಿತು. "ಲೇಸು ತಾನೆ, ಪರವಾಗಿಲ್ಲ" ಎಂದು ಅವ್ವನ ಮೊಳಕೈ ಮುಟ್ಟಿ, ಚಹಾಕ್ಕೆ ನೀರಿಡಲು ಅಡಿಗೆಮನೆಗೆ ಹೋದರು. ನನ್ನ ಗಂಡ ನನ್ನ ಕಿವಿಯ ಹತ್ತಿರ, "ಪಾಪ, ನಿಮ್ಮಮ್ಮನಿಗೆ ಹೇಗೆ ಗೊತ್ತಾಗಬೇಕು" ಎಂದ.

ನಾನು ಹೌದೆಂಬಂತೆ ತಲೆಯಾಡಿಸಿದೆ.

ಬೇಕೆಂದು ಮಾಡಿದ್ದಲ್ಲ, ತಲೆ ತಾನಾಗಿಯೇ ಆಡಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ತಲೆಯಾಡಿಸಿದ ಮೇಲೆ ನನ್ನ ಎದೆಯಲ್ಲಿ ಒಂದು ಹಗುರವೂ ಬಂದಿತ್ತು. ಆ ಹಗುರ ನೆನಪಾದರೆ ಇವತ್ತಿಗೂ ಮುಖ ಎಲ್ಲಿಡಲಿ ಎನ್ನಿಸುತ್ತದೆ.

ಊಟಕ್ಕೆ ಎಲ್ಲರೂ ಮೇಜಿನ ಸುತ್ತ ಕೂತೆವು. ಅವ್ವ ಅನ್ನ ಸಾರು ಬಡಿಸಿ, ತಾನೂ ತಟ್ಟೆ ಹಾಕಿಕೊಂಡು ನನ್ನ ಎದುರು ಕೂತಳು. ಆಮೇಲೆ ಪಕ್ಕದಲ್ಲಿದ್ದ ಚಮಚ ಎತ್ತಿಕೊಂಡಳು. ಅವಳು ಚಮಚದಲ್ಲಿ ಉಂಡದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಮುಷ್ಟಿಯಲ್ಲಿ ಹಿಡಿದಿದ್ದಳು, ಸೌಟು ಹಿಡಿದ ಹಾಗೆ. ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅನ್ನ ಸೆರಗಿನ ಮೇಲೆ ಬೀಳುತ್ತಿತ್ತು. ಬಿದ್ದದ್ದನ್ನು ಯಾರಿಗೂ ಕಾಣದಂತೆ ಎಡಗೈಯಿಂದ ಆರಿಸಿ ತಟ್ಟೆಯ ಬದಿಗಿಟ್ಟು, ಮತ್ತೆ ಚಮಚ ತುಂಬುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಇಷ್ಟು ದಿನ ನಾನು ಬಿಟ್ಟ ಕಣ್ಣು, ಹಾಕಿದ ಬಾಗಿಲು, ಅತ್ತೆಗೆ ಇಂಗ್ಲಿಷಿನಲ್ಲಿ ಹೇಳಿದ ಮಾತು ಯಾವುದೂ ಅವಳಿಂದ ತಪ್ಪಿಸಿಕೊಂಡಿರಲಿಲ್ಲ ಎಂದು ಆಗ ತಿಳಿಯಿತು.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. "ಅದನ್ನು ತೊಳೆದದ್ದು ಅವಳಲ್ಲ, ನಾನು" ಎಂದೆ. ದನಿ ಬೇಕಾದದ್ದಕ್ಕಿಂತ ದೊಡ್ಡದಾಗಿ ಬಂತು. "ಬ್ಲೀಚ್ ಹಾಕಿದವಳು ನಾನು. ಅವಳು ಮೂಲೆಗೆ ಒಂದು ಬೊಟ್ಟು ಅರಿಶಿನ ಹಚ್ಚಿದ್ದಳು, ಕೂಸಿಗೆ ಒಳ್ಳೆಯದಾಗಲಿ ಅಂತ. ನಾಚಿಕೆಯಾಗಿ ಅದನ್ನು ತೆಗೆಯಲು ಹೋದೆ."

ನನ್ನ ಗಂಡ ನನ್ನನ್ನು ನೋಡಿ, ತಟ್ಟೆ ನೋಡಿದ.

"ಗೊತ್ತು," ಎಂದರು ಅತ್ತೆ. "ನಾನು ಬಂದಾಗ ನಿನ್ನ ಕೈ ಬ್ಲೀಚ್ ವಾಸನೆ ಹೊಡೆಯುತ್ತಿತ್ತು. ನೀನೇ ಹೇಳುತ್ತೀಯೇನೋ ಅಂತ ಕಾಯುತ್ತಿದ್ದೆ."

ಅವ್ವನಿಗೆ ಇಂಗ್ಲಿಷ್ ಪೂರ್ತಿ ತಿಳಿಯಲಿಲ್ಲ. ಆದರೆ ಏನಾಯಿತೆಂದು ತಿಳಿಯಿತು. ಚಮಚ ಬದಿಗಿಟ್ಟು ಎದ್ದು, ಕೂಸು ಅಳುತ್ತದೆ ಎಂದು ಒಳಗೆ ಹೋದಳು. ಕೂಸು ಅಳುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಪ್ಯಾಟಿಯೋದಲ್ಲಿ ಕೂತು ಅಂಗಿಗೆ ಅಂಟಿದ್ದ ಲೇಸಿನ ಉಳಿಕೆಯನ್ನು ಸಣ್ಣ ಕತ್ತರಿಯಿಂದ ಬಿಡಿಸುತ್ತಿದ್ದರು. ಅವ್ವ ಯಥಾಪ್ರಕಾರ ಪಕ್ಕದಲ್ಲಿದ್ದಳು. ನಾನು ಚಹಾ ತಂದಿಟ್ಟು ಹೋಗಲು ತಿರುಗಿದಾಗ ಅತ್ತೆ, "ಕೂತುಕೋ. ಒಂದು ವಿಷಯ ಹೇಳುತ್ತೇನೆ, ನಿಮ್ಮಮ್ಮನಿಗೂ ಹೇಳು" ಎಂದರು.

ಹೇಳಿದ್ದು ಅವರ ಅಜ್ಜಿಯ ಕತೆ. ಅಜ್ಜಿ ಐದು ವರ್ಷದವಳಿರುವಾಗಲೇ ಲೇಸಿನ ದಿಂಬಿನ ಮುಂದೆ ಕೂತವಳಂತೆ. ಆ ಕಡೆಯ ಹಳ್ಳಿಗಳಲ್ಲಿ ಕೂಲಿಯವರ ಮನೆಯ ಹೆಂಗಸರೆಲ್ಲ ಆ ಕೆಲಸದವರೇ. ಚಳಿಗಾಲದಲ್ಲಿ ಬೆಂಕಿ ಹಾಕಿದರೆ ಮಸಿ ಹಾರಿ ಲೇಸು ಕಪ್ಪಾಗುತ್ತದೆಂದು, ಕೊಟ್ಟಿಗೆಯ ಮೇಲಿನ ಅಟ್ಟದಲ್ಲಿ ಕೂತು, ಕೆಳಗಿದ್ದ ಹಸುಗಳ ಬಿಸಿಗೆ ಮೈ ಕಾಯಿಸಿಕೊಂಡು ಹೆಣೆಯುತ್ತಿದ್ದರಂತೆ. ಕಲೆಯಾದ ಲೇಸನ್ನು ವ್ಯಾಪಾರಿ ಮುಟ್ಟುತ್ತಿರಲಿಲ್ಲ. ಮುಂದೆ ಅಜ್ಜಿಯ ಮಗಳು, ಎಂದರೆ ನನ್ನ ಅತ್ತೆಯ ತಾಯಿ, ಶಾಲೆಯ ಮಾಸ್ತರರನ್ನು ಮದುವೆಯಾದರು. ವಯಸ್ಸಾದ ಅಜ್ಜಿ ಮಗಳ ಮನೆಗೆ ಬಂದರು, ದಿಂಬು ಸಮೇತ.

"ಯಾರಾದರೂ ಬಂದರೆ ಅಮ್ಮ ಆ ದಿಂಬಿನ ಮೇಲೆ ಚಾದರ ಮುಚ್ಚುತ್ತಿದ್ದಳು," ಎಂದರು ಅತ್ತೆ. "ಲೇಸು ಮಾಡುವವರ ಮನೆತನ ಅಂದರೆ ಬಡವರ ಮನೆತನ. ಒಂದು ದಿನ ಅಮ್ಮ ಅದನ್ನು ಹಿತ್ತಲಿಗೆ ಒಯ್ದು ಸುಟ್ಟುಬಿಟ್ಟಳು. ಒಳಗೆ ಹುಳ ಬಿದ್ದಿದೆ ಅಂತ ನೆಪ ಹೇಳಿದಳು. ಅದರೊಳಗೆ ತುಂಬಿದ್ದು ಒಣಹುಲ್ಲು, ಭಗ್ಗನೆ ಹೊತ್ತಿತು. ಅಜ್ಜಿ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ನೋಡಿ, ‘ಚೆನ್ನಾಗಿ ಉರಿಯುತ್ತದೆ’ ಅಂದಳು. ಅಷ್ಟೇ ಅಂದದ್ದು. ನಾನು ಅವಳ ಪಕ್ಕದಲ್ಲೇ ಇದ್ದೆ."

ಅತ್ತೆ ಈ ಕೆಲಸ ಕಲಿತದ್ದು ನಿವೃತ್ತಿಯಾದ ಮೇಲೆ, ಪಕ್ಕದ ಊರಿನ ಒಂದು ಸಂಜೆ ತರಗತಿಯಲ್ಲಿ, ಗುರುತಿಲ್ಲದ ಹೆಂಗಸೊಬ್ಬರ ಕೈಕೆಳಗೆ. "ಮನೆಯಲ್ಲೇ ಇದ್ದದ್ದನ್ನು ಶುಲ್ಕ ಕೊಟ್ಟು ಕಲಿತೆ," ಎಂದರು. ನಗಲು ಹೋಗಿ, ಮತ್ತೆ ಕತ್ತರಿ ಎತ್ತಿಕೊಂಡರು.

ನಾನು ಅದನ್ನೆಲ್ಲ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಪೂರ್ತಿ ಕೇಳಿ, "ಆ ಮುದುಕಿ ಆಮ್ಯಾಲೆ ಏನ್ ಮಾಡ್ತಿದ್ಲಂತ ಕೇಳು" ಎಂದಳು.

ಕೇಳಿದೆ. ಅತ್ತೆ ಯೋಚಿಸಿ ಹೇಳಿದರು: "ಬಟಾಣಿ ಬಿಡಿಸುತ್ತಿದ್ದಳು. ಬಟಾಣಿ ಇಲ್ಲದ ದಿನ ತೊಡೆಯ ಮೇಲೆ ಸುಮ್ಮನೆ ಬೆರಳಾಡಿಸುತ್ತ ಕೂರುತ್ತಿದ್ದಳು."

"ಪಾಪ, ಕೈ ಸುಮ್ಮನಿರಂಗಿಲ್ಲಲ್ಲ," ಎಂದಳು ಅವ್ವ.

ನಾಮಕರಣ ಆಯಿತು. ನಮ್ಮ ಪರಿಚಯದ ಕನ್ನಡದ ಮನೆಯವರು ಕ್ಯಾರಲ್ಟನ್‌ನಿಂದ, ಆಸ್ಟಿನ್ನಿನಿಂದ ಬಂದರು. ಹೆಂಗಸರು ತೊಟ್ಟಿಲ ಸುತ್ತ ಸೇರಿ ಹಾಡಿದರು. ಮಗಳು ಲೇಸಿಲ್ಲದ ಬರಿಯ ಅಂಚಿನ ಅಂಗಿಯಲ್ಲಿ ಮಲಗಿದ್ದಳು. ತೊಡಿಸುವ ಮೊದಲು ಅತ್ತೆಯೇ ಅರಿಶಿನದ ಬಟ್ಟಲನ್ನು ಅವ್ವನ ಮುಂದೆ ಹಿಡಿದರು. ಅವ್ವ ನನ್ನ ಮುಖ ನೋಡಿದಳು. ನಾನು ಹಚ್ಚು ಎಂದ ಮೇಲೆಯೇ ಒಳಮಡಿಕೆಗೆ, ಹೊರಗೆ ಕಾಣದ ಜಾಗದಲ್ಲಿ, ಕಿರುಬೆರಳಿನಿಂದ ಹಚ್ಚಿದಳು. ತನ್ನ ಮೊಮ್ಮಗಳ ಅಂಗಿಗೆ ಅರಿಶಿನ ಹಚ್ಚಲು ಅವಳು ನನ್ನ ಒಪ್ಪಿಗೆ ಕೇಳುವ ಹಾಗೆ ಮಾಡಿದ್ದೆ.

ಬಂದವರಲ್ಲಿ ಒಬ್ಬ ಆಂಟಿ, "ಇಂಗ್ಲೆಂಡಿನಿಂದ ಲೇಸಿನ ಅಂಗಿ ಬಂದಿದೆ ಅಂದಿದ್ರಲ್ಲ, ಎಲ್ಲಿ?" ಎಂದು ಕೇಳಿದರು. "ಇದೇ ಆಂಟಿ. ಲೇಸನ್ನ ನಾನೇ ಹಾಳು ಮಾಡಿದೆ" ಎಂದೆ. ಅವರು ತಮಾಷೆಯೆಂದುಕೊಂಡು ನಕ್ಕು, ಊಟಕ್ಕೆ ಹೋದರು.

ಎಲ್ಲರೂ ಹೋದ ಮೇಲೆ ಅವ್ವ ಪಾತ್ರೆ ಎತ್ತಿಡುತ್ತಿದ್ದಳು. ನಾನು ಅವಳ ಬಳಿ ಹೋಗಿ ತಪ್ಪಾಯಿತು ಎಂದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ನೀ ಒದರಿದ್ದು ನನಗೇನೂ ಅನಸಲಿಲ್ಲ. ಬಾಣಂತಿ, ನಿದ್ದಿ ಇಲ್ಲ, ಒದರ್ತೀ. ಆದ್ರ ನಾ ಮಾಡೇನಿ ಅಂದಾಗ ಅವರ ಮುಂದ ನೀ ಸುಮ್ಮನ ನಿಂತಿ ನೋಡು. ಅದು."

ಅದು ಎಂದು ನಿಲ್ಲಿಸಿ, ನನ್ನ ಕೈಗೆ ಒರೆಸುವ ಬಟ್ಟೆ ಕೊಟ್ಟಳು. ಅವಳು ತೊಳೆದು ಕೊಟ್ಟ ಪಾತ್ರೆಗಳನ್ನು ನಾನು ಒರೆಸಿ ಇಟ್ಟೆ. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಇದಾಗಿ ಮೂರು ವರ್ಷ. ಅತ್ತೆ ಪ್ರತಿ ಚಳಿಗಾಲಕ್ಕೆ ಬರುತ್ತಾರೆ. ಅವ್ವನಿಗೆ ಟಿಕೆಟ್ ಮಾಡಿಸುತ್ತೇನೆಂದು ಎರಡು ಸಲ ಕೇಳಿದೆ. ಮೊದಲ ಸಲ ಅತ್ತಿಗೆಗೆ ಆರಾಮಿಲ್ಲ ಎಂದಳು. ಎರಡನೆಯ ಸಲ ಕಾರಣ ಹೇಳಲಿಲ್ಲ. "ಬರ್ತೀನಿ ತಗೋ, ನಿನಗ ಯಾಕ ತ್ರಾಸು" ಎಂದು ಫೋನನ್ನು ಅಣ್ಣನ ಕೈಗೆ ಕೊಟ್ಟಳು. ಆಗ ಅವಳನ್ನು ಇನ್ನಷ್ಟು ಒತ್ತಾಯ ಮಾಡಬೇಕಾಗಿತ್ತು. ಅಣ್ಣನ ಜೊತೆ ಮಳೆ ಬೆಳೆ ಮಾತಾಡಿ ಫೋನ್ ಇಟ್ಟೆ.